ಕೆಮ್ಮು ಕೇಳಿದರೆ ನಿಲ್ಲುವ ಕತ್ತಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೋಟೆಲಿನ ಅಡುಗೆಮನೆಯಲ್ಲಿ, ಎಲ್ಲರೂ 'ಚಿಕ್ಕತ್ತಿಗೆ' ಎಂದೇ ಕರೆಯುವ ಮನೆಯ ಕಿರಿಸೊಸೆ ಬೆಂದ ಕೋಳಿಗಳನ್ನು ಹಂಡೆಯಿಂದ ಎತ್ತಿ ಕೊಕ್ಕೆಗೆ ನೇತುಹಾಕುತ್ತಿದ್ದಾರೆ. ಅದೇ ನೀರಿನಲ್ಲಿ ಇನ್ನು ಅನ್ನ ಬೇಯಬೇಕು. ಮೊದಲ ಕೋಳಿಯನ್ನು ಮರದ ಕೊರಡಿನ ಮೇಲಿಟ್ಟು ಕತ್ತಿ ಎತ್ತುತ್ತಾರೆ. ಒಂದೇ ಏಟು. ತುಂಡಾದ ಎಲುಬಿನ ಮೇಲೆ ಬರಿ ಬೆರಳು ಆಡಿಸಿ, ಸಿಕ್ಕಿದ ಚೂರನ್ನು ಪಕ್ಕದ ಬಟ್ಟಲಿಗೆ ಒರೆಸುತ್ತಾರೆ. ಮತ್ತೆ ಕತ್ತಿ, ಮತ್ತೆ ಬೆರಳು.

"ಕಣ್ಣಿಗೆ ಕಾಣಲ್ಲ ಇವು. ಮುಟ್ಟಿದ್ರೆ ಮಾತ್ರ ಸಿಗ್ತವೆ," ಎನ್ನುತ್ತಾರೆ, ತಲೆ ಎತ್ತದೆ.

ಈ ಹೋಟೆಲಿನ ಚಿಕನ್ ರೈಸ್ ತಿಂದು ಬೆಳೆದವರಿಗೂ ಅವರ ಮುಖದ ಪರಿಚಯವಿಲ್ಲ. ಗಲ್ಲಾದಲ್ಲಿ ಕೂರುವ ಭಾವ ಗೊತ್ತು, ತಟ್ಟೆ ತಂದಿಡುವ ಗಂಡ ಗೊತ್ತು. ಇವರದು ಗೋಡೆಯ ಕಿಂಡಿಯಾಚೆಯ ಕೈ ಮಾತ್ರ. ದಿನಕ್ಕೆ ನಲವತ್ತೈವತ್ತು ಕೋಳಿ ಆ ಕೈ ದಾಟಿ ಹೋಗುತ್ತವೆ.

ಸೊಸೆಯಾಗಿ ಬಂದ ಹೊಸದರಲ್ಲಿ ಕೋಳಿ ಕಂಡರೆ ಮಾರು ದೂರ ಹಾರುತ್ತಿದ್ದರಂತೆ. ಹೋಟೆಲು ಶುರುಮಾಡಿದ ಮಾವನೇ ಕೈ ಹಿಡಿದು ಕಲಿಸಿದ್ದು. "ನಿನ್ನ ಗಂಡನಿಗೆ ಕೊಟ್ರೆ ಕೋಳಿ ಜೊತೆ ಕೊರಡನ್ನೂ ಬಡಿಸ್ತಾನಮ್ಮ," ಎನ್ನುತ್ತಿದ್ದರಂತೆ.

ಆಮೇಲೆ ಒಂದು ರಜೆಯ ಮಧ್ಯಾಹ್ನ ಬಂತು. ಕಾಲಿಡಲು ಜಾಗವಿಲ್ಲದಷ್ಟು ಜನ. ಬೆಳಿಗ್ಗೆ ಕತ್ತಿ ಮಸೆಯಲು ಪುರುಸೊತ್ತಾಗಿರಲಿಲ್ಲ; ಮೊಂಡು ಕತ್ತಿಗೆ ಎಲುಬು ಚೂರುಚೂರಾಗುತ್ತದೆ. ಅಜ್ಜಿಯ ಜೊತೆ ಬಂದಿದ್ದ ಪುಟ್ಟ ಹುಡುಗಿಯೊಬ್ಬಳು ಊಟದ ನಡುವೆ ಕೆಮ್ಮಿದಳು.

"ಕೆಮ್ಮು ಕೇಳಿಸ್ತು. ಆಮೇಲೆ ಕೆಮ್ಮು ನಿಂತುಹೋಯ್ತು. ಅದು ನಿಂತಿದ್ದೇ ನಂಗೆ ಭಯ."

ಅಜ್ಜಿ ಚೀರಿದರು. ಆಗಿನ್ನೂ ಗಲ್ಲಾದಲ್ಲಿ ಕೂರುತ್ತಿದ್ದ ಮಾವ ಓಡಿಬಂದು, ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಬಡಿದರು. ಉಗುರಿನಷ್ಟು ಎಲುಬು ನೆಲಕ್ಕೆ ಬಿತ್ತು. ಮಗು ಕಿಟಾರನೆ ಅತ್ತಿತು.

ಯಾರೂ ಚಿಕ್ಕತ್ತಿಗೆಯನ್ನು ದೂರಲಿಲ್ಲ. ಅವರೇ ಕತ್ತಿ ಕೆಳಗಿಟ್ಟರು. ಗಂಡ ಕೊರಡಿಗೆ ನಿಂತರು. ನಾಲ್ಕೇ ದಿನದಲ್ಲಿ ತಟ್ಟೆಗಳು ಅರ್ಧಂಬರ್ಧ ವಾಪಸ್ ಬರತೊಡಗಿದವು. ಎಲುಬೋ ಎಲುಬು ಎಂದು ಜನ ಗೊಣಗಿದರು. ಮಾವ ಕತ್ತಿ ತಂದು ಮತ್ತೆ ಸೊಸೆಯ ಮುಂದಿಟ್ಟರು.

"ಹೆದರಿದವಳ ಕೈಯಲ್ಲೇ ಇರ್ಲಿ ಇದು. ಹೆದರದವನ ಕೈಲಿ ಕೊಟ್ಟು ನೋಡಿದ್ವಲ್ಲ!"

ಕತ್ತಿ ಹಿಡಿದರು, ಆದರೆ ಭಯ ಬಿಡಲಿಲ್ಲ. ಹೊರಗೆ ಯಾರು ಕೆಮ್ಮಿದರೂ ಎತ್ತಿದ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಮಕ್ಕಳು ಬಂದರೆ ಗಂಡ ಕಿಂಡಿಯಲ್ಲಿ ಮೊದಲೇ ಹೇಳಬೇಕು. ಆ ಮಕ್ಕಳು ಕೈ ತೊಳೆಯುವವರೆಗೆ ಇವರಿಗೆ ಉಸಿರು ಕೆಳಗಿಳಿಯುವುದಿಲ್ಲ. ಊಟಕ್ಕೆ ಬರುವ ನರ್ಸೊಬ್ಬರನ್ನು ಹಿಡಿದು, ಗಂಟಲಿಗೆ ಸಿಕ್ಕಿಕೊಂಡಾಗ ಏನು ಮಾಡಬೇಕೆಂದು ಕಲಿತರು. ಅಭ್ಯಾಸಕ್ಕೆ ಸಿಕ್ಕಿದ್ದು ಗಂಡ. "ಹೊಟ್ಟೆ ಇನ್ನೂ ನೋಯ್ತದೆ ನೋಡಿ," ಎಂದು ಅವರು ನಗುತ್ತಾರೆ.

ಕಳೆದ ತಿಂಗಳು, ಪಕ್ಕದಂಗಡಿಯ ಟೈಲರ್ ಬಾಯಿ ತುಂಬಾ ತುತ್ತಿಟ್ಟುಕೊಂಡು ಜೋಕು ಹೇಳುತ್ತಿದ್ದರು. ನಗು ನಡುವೆಯೇ ನಿಂತಿತು. ಕುರ್ಚಿ ಉರುಳಿದ ಸದ್ದು. ಆಮೇಲೆ ದನಿಯೇ ಇಲ್ಲ.

ಚಿಕ್ಕತ್ತಿಗೆ ಜಿಡ್ಡುಗೈಯಲ್ಲೇ ಹೊರಗೆ ಓಡಿದರು. ಟೈಲರ್ ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡಿದ್ದರು, ತುಟಿ ನೀಲಿಗಟ್ಟುತ್ತಿತ್ತು. ಐದಾರು ಸಲ ಬೆನ್ನಿಗೆ ಬಡಿದರೂ ಏನೂ ಹೊರಬರಲಿಲ್ಲ. ಹಿಂದಿನಿಂದ ತಬ್ಬಿ, ಹೊಕ್ಕುಳಿನ ತುಸು ಮೇಲೆ ಮುಷ್ಟಿಯಿಟ್ಟು ಒಳಕ್ಕೆ, ಮೇಲಕ್ಕೆ ಎಳೆದರು. ಕೈ ಜಾರಿತು. ಸೆರಗಿಗೆ ಒರೆಸಿಕೊಂಡು ಮತ್ತೆ ಎಳೆದರು. ಇನ್ನೊಮ್ಮೆ. ಆ ದೊಡ್ಡ ಮೈ ತೋಳಿನೊಳಗೆ ಭಾರವಾಗಿ ಕುಸಿಯತೊಡಗಿದಾಗ, "ದೇವರೇ, ನಮ್ಮ ಮನೆ ಅನ್ನ ತಿಂದು ಜೀವ ಹೋಗೋದು ಬೇಡ," ಎಂದು ಜೋರಾಗಿಯೇ ಕೂಗಿ ಎಳೆದರು. ತುತ್ತು ಹೊರಗೆ ಹಾರಿತು. ಟೈಲರ್ ಗೊರಗೊರ ಉಸಿರೆಳೆದರು.

ಊಟದವರೆಲ್ಲ ಎದ್ದುನಿಂತಿದ್ದರು. ಇವರು ಯಾರ ಮುಖವನ್ನೂ ನೋಡಲಿಲ್ಲ. ನೆಲಕ್ಕೆ ಬಿದ್ದಿದ್ದ ಆ ತುತ್ತನ್ನು ಹೆಕ್ಕಿಕೊಂಡು ಒಳಗೆ ಹೋಗಿ, ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದರು. ಎಲುಬಿರಲಿಲ್ಲ. ಬರೀ ಮಾಂಸ, ಅಗಿಯದೆ ನುಂಗಿದ್ದು. ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು.

ಈಗ ಧೈರ್ಯ ಬಂದಿರಬೇಕಲ್ಲ ಎಂದರೆ ತಲೆ ಅಲ್ಲಾಡಿಸುತ್ತಾರೆ. "ಎಲ್ಲಿಂದ? ಮೊದ್ಲು ಮಕ್ಕಳಿಗೆ ಮಾತ್ರ ಹೆದರ್ತಿದ್ದೆ. ಈಗ ದೊಡ್ಡೋರಿಗೂ ಹೆದರ್ತೀನಿ."

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಸೆರಗಿನಲ್ಲಿ ಕೈ ಒರೆಸಿಕೊಂಡು ಹೇಳುತ್ತಾರೆ.

"ಇಷ್ಟು ವರ್ಷದಲ್ಲಿ ಒಂದಿನಾನೂ ಹೊರಗಡೆ ಮೇಜಲ್ಲಿ ಕೂತು ಉಂಡಿಲ್ಲ ನಾನು. ಒಂದ್ಸಲ ಕೂರ್ಬೇಕು. ಸುತ್ತ ಜನ ತುಂಬಿರ್ಬೇಕು, ಎಲ್ರೂ ಉಣ್ತಿರ್ಬೇಕು. ನಾನು ನನ್ನ ತಟ್ಟೆ ಮಾತ್ರ ನೋಡ್ಕೊಂಡು, ಬಿಸಿಬಿಸಿ ಇರೋವಾಗ್ಲೇ ಪೂರ್ತಿ ಉಂಡು ಏಳ್ಬೇಕು. ಅಷ್ಟೇ."