ವನಜಾಕ್ಷಿಯ ಅಪ್ಪನಿಗೆ ಏನಿಷ್ಟ?

ಕಂದಿಕೆರೆಯಲ್ಲಿ ನನಗೂ ಅಪ್ಪನಿರಲಿಲ್ಲ, ಪಕ್ಕದ ಮನೆಯ ವನಜಾಕ್ಷಿಗೂ ಇರಲಿಲ್ಲ. ಆದರೆ ನನ್ನಪ್ಪ ಸತ್ತಿದ್ದ. ಅದಕ್ಕೇ ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು.

ನಗಬೇಡಿ. ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲಿ ಅಪ್ಪನಿಗೆ ಎಡೆ ಇಡುತ್ತಿದ್ದೆವು. ಬಾಳೆಯೆಲೆಯ ಮೇಲೆ ಮುದ್ದೆ, ಕೋಳಿಸಾರು, ಕಜ್ಜಾಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಬದುಕಿದ್ದಾಗ ಅವನಿಗೆ ಏನೇನು ಇಷ್ಟವಿತ್ತೋ ಎಲ್ಲ. ವನಜಾ ಬಾಗಿಲಲ್ಲಿ ನಿಂತು, "ನಿಮ್ಮಪ್ಪಂಗೆ ಕಜ್ಜಾಯ ಇಷ್ಟ ಇತ್ತೇನೇ?" ಎಂದು ವರ್ಷವೂ ಕೇಳುವಳು. ನಾನು ಸಾಹುಕಾರನ ಮಗಳ ಹಾಗೆ ಹೂಂ ಅನ್ನುತ್ತಿದ್ದೆ. ನಾನೂ ಅಪ್ಪನನ್ನು ಕಂಡವಳಲ್ಲ. ಆ ಎಲೆ ನೋಡಿಯೇ ನನಗೆ ಅಪ್ಪ ಗೊತ್ತು.

ಅವಳ ಅಪ್ಪ ರಂಗನಾಥ ತಿಪಟೂರಿನಿಂದ ಕೊಬ್ಬರಿ ಲಾರಿಯಲ್ಲಿ ಕ್ಲೀನರಾಗಿ ಉತ್ತರದ ಕಡೆ ಹೋದವನು. ಲಾರಿ ವಾಪಸು ಬಂತು, ಅವನು ಬರಲಿಲ್ಲ. ದಾರಿಯಲ್ಲಿ ಟೀ ಕುಡಿಯಲು ಇಳಿದವನು ಮತ್ತೆ ಹತ್ತಲಿಲ್ಲ ಎಂದು ಡ್ರೈವರ್ ಹೇಳಿದ. ಹುಡುಕಿದರು, ಸಿಗಲಿಲ್ಲ. ಆಗ ವನಜಾ ತೊಟ್ಟಿಲಲ್ಲಿದ್ದಳು.

ಅವಳ ಅವ್ವ ಸಿದ್ದಗಂಗಮ್ಮ ಕುಂಕುಮ ಅಳಿಸಲಿಲ್ಲ, ಎಡೆಯನ್ನೂ ಇಡಲಿಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ನಾವೇ ಕೊಂದಂತೆ ಎನ್ನುವುದು ಅವಳ ವಾದ. ಅಪ್ಪನಿಗೆ ಏನಿಷ್ಟ ಎಂದು ಮಗಳು ಕೇಳಿದರೆ, "ಬಂದ್ಮೇಲೆ ಅವ್ರನ್ನೇ ಕೇಳೇ" ಅನ್ನುವಳು. ಎಂಥ ಗಟ್ಟಿ ಹೆಂಗಸು! ಅಷ್ಟು ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ವನಜಾ ದೊಡ್ಡವಳಾಗಿ ಕೊಬ್ಬರಿ ಸುಲಿಯುವ ಕೂಲಿಗೆ ಹೋದಳು. ರಂಗನಾಥ ಬಂದರೆ ಮನೆ ಗುರುತು ಸಿಗಬೇಕೆಂದು ಸಿದ್ದಗಂಗಮ್ಮ ಊರು ಬಿಡಲೊಲ್ಲಳು, ಹಾಗಾಗಿ ವನಜಾಳನ್ನು ಮದುವೆಯಾದ ಗಂಗರಾಜು ಮನೆಯಳಿಯನಾಗಿ ಬಂದ. ನನ್ನನ್ನೂ ಊರಲ್ಲೇ ಕೊಟ್ಟಿದ್ದರು, ಸಂತೆಗೆ ಜೊತೆಯಾಗಿ ಹೋಗುತ್ತಿದ್ದೆವು. ಹೋಟೆಲಿನಲ್ಲಿ ಅಪ್ಪನ ವಯಸ್ಸಿನ ಯಾರಾದರೂ ಉಣ್ಣುತ್ತಿದ್ದರೆ, ಮೊದಲು ಯಾವುದಕ್ಕೆ ಕೈ ಹಾಕುತ್ತಾರೆ ಎಂದು ಅವಳು ನೋಡುತ್ತಾ ನಿಂತುಬಿಡುವಳು. ನಾನೇ ರಟ್ಟೆ ಹಿಡಿದು ಎಳೆದುಕೊಂಡು ಬರಬೇಕಿತ್ತು.

ಹೋದ ವರ್ಷ ಪಿತೃಪಕ್ಷದ ಅಮಾವಾಸ್ಯೆಯ ಬೆಳಿಗ್ಗೆ ವನಜಾ ನಮ್ಮ ಅಡುಗೆಮನೆಗೆ ಓಡಿ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಅವ್ವ ಹೇಳ್ಬುಟ್ಳು ಕಣೇ," ಎಂದಳು. "ಒತ್ತುಶ್ಯಾವಿಗೆ, ಕಾಯಾಲು. ನಮ್ಮಪ್ಪಂಗೆ ಅದಂದ್ರೆ ಭಾರಿ ಆಸೆಯಂತೆ. ಇವತ್ತು ಮಾಡಿ ಎಡೆ ಇಕ್ಕು ಅಂತಾವ್ಳೆ."

ಎಷ್ಟು ವರ್ಷ ಕಾದ ಮಾತು! ಅದು ಬಂದಾಗ ಅವಳು ಗಳಗಳ ಅತ್ತಳು. "ನಂಗೆ ಬೇಡ ಕಣೇ ಆಶಾ. ಏನಿಷ್ಟ ಅಂತ ಗೊತ್ತಾಗ್ದಿದ್ರೂ ಚಿಂತೆಯಿಲ್ಲ, ಅಪ್ಪ ಎಲ್ಲಾದ್ರೂ ಇರ್ಲಿ."

"ಹಂಗಂತ ನಿಮ್ಮವ್ವಂಗೆ ಹೇಳು. ಬಲವಂತವೇನೈತೆ?"

"ಹೆಂಗೇ ಹೇಳ್ಲಿ? ಕಾದು ಕಾದು ಸಾಕಾಗೈತೆ ಅವಳಿಗೆ. ಇನ್ನ ನನ್ನ ಕೈಲಾಗಲ್ಲ ಮಗ ಅಂದ್ಲು."

ಇಬ್ಬರೂ ಸೇರಿ ಶ್ಯಾವಿಗೆ ಒತ್ತಿದೆವು, ಕಾಯಿ ತುರಿದು ಹಾಲು ತೆಗೆದೆವು. ಸಂಜೆ ಅವಳು ತಮ್ಮ ಮನೆಯ ಗೋಡೆಯ ಬುಡದಲ್ಲಿ ಎಲೆ ಹಾಕಿ ಬಡಿಸಿದಳು. ಸಿದ್ದಗಂಗಮ್ಮ ಒಳಗೆ ಬರಲಿಲ್ಲ, ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು.

ಧೂಪ ಹಾಕಿದ ಮೇಲೆ ಮಕ್ಕಳು ಹಿರಿಯರನ್ನು ಊಟಕ್ಕೆ ಕರೆಯಬೇಕು. ವನಜಾ ಬಾಯಿ ತೆರೆದಳು, ಮುಚ್ಚಿದಳು. ಹುಟ್ಟಿದಾಗಿನಿಂದ ಅವಳು ಯಾರನ್ನೂ ಹಾಗೆ ಕೂಗಿದವಳಲ್ಲ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ.

"ಅಪ್ಪಾ," ಎಂದಳು ಸಣ್ಣಗೆ. ಆಮೇಲೆ ಬೀದಿಗೆ ಕೇಳುವಷ್ಟು ಜೋರಾಗಿ, "ಅಪ್ಪಾ, ಊಟಕ್ಕೆ ಬಾರಪ್ಪಾ!"

ಹೊರಗೆ ಏನೋ ಸದ್ದಾಯಿತು. ನಾನು ಬಾಗಿಲಿಗೆ ಬಂದು ನೋಡಿದೆ. ಸಿದ್ದಗಂಗಮ್ಮ ಎದ್ದು ನಿಂತು, ಸಂಜೆ ಬಿಸಿಲಿಗೆ ಕೈ ಅಡ್ಡ ಹಿಡಿದು, ಬಸ್ಸು ಬರುವ ರಸ್ತೆಯ ಕಡೆ ನೋಡುತ್ತಿದ್ದಳು.