ಕುರ್ಚಿಗೆ ಕೈ ಹಾಕಿದ ಅಕ್ಕೋರು

ನಿನ್ನೆ ಸಿಂದಗಿಯಲ್ಲಿ, ನಮ್ಮ ಪಕ್ಕದ ಮನೆಯಲ್ಲಿ ಯಾರೋ ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿದರು. ಬುಸ್ಸೆಂದು ಎದ್ದ ನೊರೆಯ ವಾಸನೆ ಬಂದದ್ದೇ ತಡ, ನಮ್ಮೂರು ಇಂಡಿಯ ಆ ಮುಂಜಾನೆ ನೆನಪಾಯಿತು, ಅಕ್ಕೋರು ನೆನಪಾದರು…

ಅಕ್ಕೋರು ಇಂಡಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವರು. ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದರು. ತೊಂಬತ್ತರ ದಶಕದ ಕೊನೆಯ ಮಾತಿದು. ಜೋರು ದನಿಯ ಹೆಂಗಸು, ಹೃದಯದ ಪಾಠಕ್ಕೆ ಮಾತ್ರ ದನಿ ಇಳಿಸುತ್ತಿದ್ದರು. ರಕ್ತ ಸಾಲದಾದಾಗ ಹೃದಯದ ಸ್ನಾಯುಕೋಶಗಳು ಅಡಿನೋಸಿನ್ ಎಂಬ ವಸ್ತುವನ್ನು ಹೊರಬಿಡುತ್ತವೆ. ರಕ್ತನಾಳ ಹಿಗ್ಗಲಿ, ದುಡಿಮೆ ತಗ್ಗಲಿ ಎಂಬ ಸಂದೇಶ ಅದು ಎನ್ನುತ್ತಿದ್ದರು. "ಸಾಯೂದಕ್ಕಿಂತ ಕೆಲಸ ಬಿಟ್ಟು ಕುಂದ್ರೂದು ಛಲೋ ಅಂತ ಅವಕ್ಕ ಗೊತ್ತೈತಿ. ನಮಗ ಗೊತ್ತಿಲ್ಲ!" ನಾವು ನಕ್ಕಿದ್ದೆವು.

ಅವತ್ತು ಅಪ್ಪ ನಿಂಬೆ ತೋಟದಿಂದ ಎದೆ ಹಿಡಿದುಕೊಂಡು ಬಂದ. ಮೈಯೆಲ್ಲ ಬೆವರು. ವಾಯು ಇರಬೇಕೆಂದು ಅವ್ವ ನಿಂಬೆರಸಕ್ಕೆ ಸೋಡಾ ಕಲಸತೊಡಗಿದಳು. ಗದ್ದಲ ಕೇಳಿ ಬಂದ ಅಕ್ಕೋರು ಅಪ್ಪನ ಮುಖ ನೋಡಿದವರೇ ಜೀಪು ತರಿಸಿದರು. ಓಣಿ ಇಕ್ಕಟ್ಟು, ಜೀಪು ದೂರದಲ್ಲೇ ನಿಂತಿತು. ಅಪ್ಪ ನಡೆದೇ ಹೋಗಲು ಎದ್ದ. ಅಕ್ಕೋರು ಭುಜ ಒತ್ತಿ ಕೂರಿಸಿ, ಕುರ್ಚಿ ಸಮೇತ ಹೊತ್ತುಕೊಂಡು ಹೋಗಲು ಹೇಳಿದರು.

ಅವ್ವ ಚೀರಿದಳು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಹೊರುತ್ತಾರೆ. ಕುರ್ಚಿ ಎತ್ತಲು ಬಂದಿದ್ದ ನಮ್ಮ ಕಾಕಾ ಹಿಂದೆ ಸರಿದು ಅಂದ,

"ಅಕ್ಕೋರ, ಜೀವಂತ ಮನಶ್ಯಾನ್ನ ಹಂಗ ಒಯ್ಯಬಾರದ್ರಿ."

"ಕೆಲಸ ಕೊಡಬ್ಯಾಡ್ರಿ ಅಂತ ಅವರ ಎದಿ ಒದರಾಕತ್ತೈತಿ. ನಡಸಿದ್ರ ಖರೇನ ಹಂಗ ಹೊರಬೇಕಾಗ್ತೈತಿ!" ಎಂದವರೇ ಕುರ್ಚಿಗೆ ತಾವೇ ಕೈ ಹಾಕಿದರು. ಕಾಕಾ ನಾಚಿ ಓಡಿಬಂದು ಇನ್ನೊಂದು ಬದಿ ಹಿಡಿದ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಅಳತೊಡಗಿದರು. "ಇನ್ನೂ ಜೀವಂತ ಅದೇನಿ, ಸುಮ್ನಿರ್ರಿ!" ಎಂದು ಅಪ್ಪ ಕುರ್ಚಿಯಿಂದಲೇ ಗದರಿದ.

ನಡೆಸದೆ ತಂದದ್ದು ಒಳ್ಳೆಯದಾಯಿತು ಎಂದರು ವಿಜಾಪುರದ ಡಾಕ್ಟರು. ಅಪ್ಪ ಉಳಿದ. ಊರ ಬಾಯಿಗೆ ಒಂದಿಷ್ಟೂ ಅಂಜದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಕೆಲವು ವರ್ಷಗಳಲ್ಲಿ ಅಕ್ಕೋರಿಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಅಲ್ಲೊಂದು ದಿನ ಎದೆ ನೋವು ಎಂದರಂತೆ. ಜೊತೆಗಿದ್ದವರು, ವಾಯು ಇರಬೇಕು, ನಡೆದರೆ ಇಳಿಯುತ್ತದೆ ಎಂದರಂತೆ. ಎಲ್ಲ ಬಲ್ಲ ಅಕ್ಕೋರು ಯಾಕೆ ನಡೆದರೋ… ದಾರಿಯಲ್ಲೇ ಕುಸಿದವರು ಮತ್ತೆ ಏಳಲಿಲ್ಲ.

ಅಪ್ಪ ಈಗಲೂ ತೋಟಕ್ಕೆ ಹೋಗುತ್ತಾನೆ. ನಿನ್ನೆ ಫೋನಿನಲ್ಲಿ ಅಕ್ಕೋರ ಮಾತು ತೆಗೆದೆ.

"ನನ್ನ ಎದಿ ಒದರಿದ್ದು ಅವರಿಗೆ ಕೇಳಿಸ್ತು," ಎಂದ ಅಪ್ಪ. "ಅವರದು ಕೇಳಾಕ ಅಲ್ಲಿ ಯಾರೂ ಇರಲಿಲ್ಲ ನೋಡು."