ನಾರುವ ಬಾಟಲಿಯ ಲೇಬಲ್

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚೆನ್ನೈನಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಉಪ್ಪಿನಂಶ ಏರಿಳಿದಾಗ ಸಮುದ್ರದಲ್ಲಿರುವ, ಕಣ್ಣಿಗೆ ಕಾಣದ ಪಾಚಿಯಿಂದ ಗಂಧಕದ ಅನಿಲ ಎಷ್ಟು ಬರುತ್ತದೆಂದು ಅಳೆಯುವುದು ನನ್ನ ಕೆಲಸ. ನನ್ನ ಮಾರ್ಗದರ್ಶಕರು ಕಡಲಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಪ್ಯಾಂಟು ಒದ್ದೆಯಾದೀತೆಂದು ಅಲೆಯ ಹತ್ತಿರ ಮಾತ್ರ ಹೋದವರಲ್ಲ.

"ಉಪ್ಪು ಜಾಸ್ತಿ, ಗ್ಯಾಸ್ ಜಾಸ್ತಿ. ಅವ್ವಳವುದಾನ್‌ಮ್ಮಾ," ಎನ್ನುತ್ತಿದ್ದರು. ಅಷ್ಟೇ ಅಂತೆ!

ಪಾಚಿ ಬೆಳೆಸಿದ ಆರು ಬಾಟಲಿಗಳಲ್ಲಿ ಸಮುದ್ರದ ನೀರನ್ನೇ ಉಳಿಸಿ, ಇನ್ನಾರಕ್ಕೆ ಒಮ್ಮೆಲೇ ಸಿಹಿನೀರು ಬೆರೆಸಿದೆ. ಮರುದಿನ ಸಿಹಿನೀರಿನವು ಕೊಳೆತ ಎಲೆಕೋಸಿನಂತೆ ನಾರಿದವು. ಅನಿಲ ಅಳೆಯುವ ಯಂತ್ರವೂ ನನ್ನ ಮೂಗಿನ ಪರವಾಗಿಯೇ ಸಾಕ್ಷಿ ಹೇಳಿತು. ಮೂರು ಸಲ ಮಾಡಿದರೂ ಅದೇ ಕಥೆ. ಮಾರ್ಗದರ್ಶಕರು ಬಾಟಲಿಯ ಮುಚ್ಚಳವನ್ನೂ ತೆಗೆಯದೆ, ನಾನು ಲೇಬಲ್ ಅದಲುಬದಲು ಮಾಡಿದ್ದೇನೆಂದು ತೀರ್ಪು ಕೊಟ್ಟರು.

ಪುರಸೈವಾಕ್ಕಂನ ಮನೆಯಲ್ಲಿ ಅಮ್ಮ ನನ್ನ ದುಪಟ್ಟಾ ಮೂಸಿ, "ಅದೇನ್ ಓದೋ ಏನೋ! ಬಟ್ಟೇನ ತನಿಯಾ ನೆನೆಹಾಕು," ಎಂದು ಬೇರೆ ಬಕೆಟ್ ತೋರಿಸಿದಳು. ತಮ್ಮ ತಮಿಳಿನಲ್ಲಿ, "ಎಪ್ಪೊ ಮುಡಿಪ್ಪೆ?" ಎಂದ. ಯಾವಾಗ ಮುಗಿಸುತ್ತೀಯ ಎಂಬ ಆ ಪ್ರಶ್ನೆಗೇ ನಾನು ಸೋತೆ. ಅರ್ಧವಾರ್ಷಿಕ ವರದಿಗೆ ಮಾರ್ಗದರ್ಶಕರ ಸಹಿ ಬೇಕಿತ್ತು. ಮರುದಿನ ಲೇಬಲ್‌ಗಳನ್ನು ನಿಜವಾಗಿಯೂ ಅದಲುಬದಲು ಮಾಡಿದೆ. ಮಾರ್ಗದರ್ಶಕರ ಮುಖ ಪೂರಿಯಂತೆ ಉಬ್ಬಿತು. "ಈಗ ನೀನು ವಿಜ್ಞಾನಿ," ಎಂದು ತಮಿಳಿನಲ್ಲಿ ಹೇಳಿದರು.

ವಾರದಲ್ಲೇ ವರದಿ ಪರಿಶೀಲಿಸಲು ಮಂಗಳೂರಿನ ಕಡೆಯ ಪರೀಕ್ಷಕಿಯೊಬ್ಬರು ಬಂದರು. ಅವರು ಮೊದಲು ಮಾಡಿದ್ದೇ 'ಸಮುದ್ರದ ನೀರು' ಎಂಬ ಲೇಬಲ್ಲಿದ್ದ ಬಾಟಲಿಯ ಮುಚ್ಚಳ ತೆಗೆದು ಮೂಸಿದ್ದು. ಮತ್ತೆ ನನ್ನತ್ತ ತಿರುಗಿ ಕನ್ನಡದಲ್ಲಿ, "ಉಪ್ಪು ಏಕಾಏಕಿ ತಗ್ಗಿದ್ರೆ ಪಾಚಿ ಒಳಗಿದ್ದದ್ದನ್ನು ಕಕ್ತದೆ ಮಾರಾಯ್ತಿ. ಬ್ಯಾಕ್ಟೀರಿಯಾ ಅದನ್ನು ತಿಂದು ಈ ಗ್ಯಾಸ್ ಮಾಡುದು. ಲೇಬಲ್ ಅಂಟಿಸಿದ್ದು ಯಾರು?" ಎಂದರು.

"ಎನ್ನ ಸೊಲ್ರಾಂಗ?" ಎಂದು ಮಾರ್ಗದರ್ಶಕರು ಆಕೆಯ ಮಾತಿನ ಅರ್ಥವನ್ನು ನನ್ನನ್ನೇ ಕೇಳಿದರು. ಅವರಿಗೆ ಕನ್ನಡ ಬಾರದು. ಮುಚ್ಚಿಹಾಕಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಆದರೆ ಆಕೆಯ ಕಣ್ಣು ನನ್ನ ಮೇಲಿತ್ತು. ಲೇಬಲ್ ಬದಲಿಸಿದ್ದು ನಾನೇ, ನೀವು ಹೇಳಿದಂತೆ ಬರಲೆಂದು ಬದಲಿಸಿದೆ ಎಂದು ತಮಿಳಿನಲ್ಲೇ ಒಪ್ಪಿಕೊಂಡೆ.

ಮಾರ್ಗದರ್ಶಕರು ವಿಜ್ಞಾನದಲ್ಲಿ ಪ್ರಾಮಾಣಿಕತೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಪರೀಕ್ಷಕಿ ಮಾತ್ರ, "ಎಲ್ಲ ಮೊದಲಿಂದ ಮಾಡು. ಲೆಕ್ಕ ನನಗೆ ಕಳಿಸು," ಎಂದು ವಿಳಾಸ ಬರೆದುಕೊಟ್ಟರು. ಮಾಡಿದೆ. ಪದವಿ ಒಂದು ವರ್ಷ ತಡವಾಯಿತು. ಮಾರ್ಗದರ್ಶಕರಿಗೆ ಬಡ್ತಿ ಸಮಯಕ್ಕೆ ಸರಿಯಾಗಿಯೇ ಬಂತು.